ನೂರು ನೀಲಗಿರಿ ಸಸಿಗಳ ಲೆಕ್ಕ



‘ನಾನೊಬ್ಬ ಮಾಡಿದ್ರೆ ಏನಾಗುತ್ತೆ?’ ಈ ಮಾತನ್ನ ಹಾಸ್ಟೆಲ್‌ನಲ್ಲಿ, ಬಸ್ಸಲ್ಲಿ, ಕ್ಯಾಂಟೀನಲ್ಲಿ ನಾವೆಲ್ಲ ಕೇಳ್ತಾನೇ ಇರ್ತೀವಿ. ಇದಕ್ಕೆ ಹಿರಿಯರ ಉತ್ತರ ಯಾವಾಗಲೂ ರೆಡಿ ಇರುತ್ತೆ: ‘ಹನಿ ಹನಿ ಕೂಡಿದರೆ ಹಳ್ಳ.’ ಗಾದೆ ಸುಳ್ಳಲ್ಲ. ಆದರೆ ಎಲ್ಲದಕ್ಕೂ ಲೆಕ್ಕ ಹಾಕುವ ನಮಗೆ ಒಂದು ಡೌಟು ಉಳಿದೇ ಉಳಿಯುತ್ತೆ. ಹಳ್ಳ ಆಗುವಷ್ಟು ಹನಿ ಸೇರದೇ ಹೋದರೆ? ಆಗ ಆ ಸಣ್ಣ ಕೆಲಸ ವ್ಯರ್ಥವೇ? ನಮ್ಮ ಬಾತಿಗೆ ಸಂಬಂಧವಿರುವ ಒಂದು ನಿಜವಾದ ಹೋರಾಟವನ್ನು ನೋಡಿ ಉತ್ತರ ಹುಡುಕೋಣ.

ಏನಾಗಿತ್ತು?

ಬಾತಿಯಿಂದ ಪಿ.ಬಿ. ರಸ್ತೆಯಲ್ಲಿ ಹರಿಹರಕ್ಕೆ ಹೋಗಿ ತುಂಗಭದ್ರಾ ಸೇತುವೆ ದಾಟಿದರೆ ಕುಮಾರಪಟ್ಟಣ. ಅಲ್ಲಿರುವುದು ಹರಿಹರ ಪಾಲಿಫೈಬರ್ಸ್ ಕಾರ್ಖಾನೆ. ರೇಯಾನ್ ನೂಲಿಗೆ ಬೇಕಾದ ತಿರುಳನ್ನು ಅಲ್ಲಿ ಮರದಿಂದ ತೆಗೀತಾರೆ. ಅದಕ್ಕೆ ನೀಲಗಿರಿ ಮರ ಬೇಕು, ಅದೂ ಲಕ್ಷಗಟ್ಟಲೆ.

ಈ ಮರ ಬೆಳೆಸಲು 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ಸ್ ಲಿಮಿಟೆಡ್, ಅಂದ್ರೆ ಕೆಪಿಎಲ್, ಅನ್ನೋ ಕಂಪನಿ ಹುಟ್ಟಿತು. ಅದರಲ್ಲಿ ಸರ್ಕಾರದ ಅರಣ್ಯ ಅಭಿವೃದ್ಧಿ ನಿಗಮಕ್ಕೆ 51 ಪಾಲು, ಹರಿಹರ ಪಾಲಿಫೈಬರ್ಸ್‌ಗೆ 49 ಪಾಲು. ನಾಲ್ಕು ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ಭೂಮಿಯನ್ನು ಈ ಕಂಪನಿಗೆ ಕೊಡಬೇಕು ಅಂತ ತೀರ್ಮಾನ ಆಯ್ತು.

ಕಡತದಲ್ಲಿ ಅದು ಸರ್ಕಾರಿ ಜಮೀನು. ಹಳ್ಳಿಯವರ ಪಾಲಿಗೆ ಅದು ದನ ಮೇಯುವ, ಸೌದೆ ತರುವ, ಕುರಿ ಬಿಡುವ ಜಾಗ. ಸ್ವಂತ ಹೊಲ ಇಲ್ಲದವರಿಗಂತೂ ಅದೇ ಆಸ್ತಿ. ನೀಲಗಿರಿ ಎಲೆಯನ್ನು ದನ ಮೂಸಿಯೂ ನೋಡಲ್ಲ. ಹುಲ್ಲಿದ್ದ ಕಡೆ ನೀಲಗಿರಿ ಬಂದರೆ ಕಾರ್ಖಾನೆಗೆ ಮರ ಸಿಗುತ್ತೆ, ಊರಿಗೆ ಏನೂ ಸಿಗಲ್ಲ.

ಕಿತ್ತಿಕೋ ಹಚ್ಚಿಕೋ

ಆಗ ಧಾರವಾಡದ ಸಮಾಜ ಪರಿವರ್ತನ ಸಮುದಾಯ ಅನ್ನೋ ಸಂಸ್ಥೆ ಈ ಭಾಗದಲ್ಲಿ ಕೆಲಸ ಮಾಡ್ತಿತ್ತು. ಅದನ್ನು ಮುನ್ನಡೆಸಿದವರಲ್ಲಿ ಎಸ್.ಆರ್. ಹಿರೇಮಠರು ಮುಖ್ಯರು. ಅಮೆರಿಕದಲ್ಲಿದ್ದ ಅವರು ವಾಪಸ್ ಬಂದು ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿಯಲ್ಲಿ ಹಳ್ಳಿ ಜನರ ನಡುವೆ ಕೆಲಸ ಮಾಡಿದವರು. ತುಂಗಭದ್ರಾ ನದಿ ಕೊಳೆಯಾಗುತ್ತಿರುವುದರ ವಿರುದ್ಧ ಈ ಸಂಸ್ಥೆ ಮೊದಲೇ ಜನರನ್ನು ಸೇರಿಸಿತ್ತು. ಜಮೀನಿನ ವಿಷಯಕ್ಕೆ ಅವರು ಸುಪ್ರೀಂ ಕೋರ್ಟ್‌ಗೂ ಹೋದರು. ಅರ್ಜಿದಾರರಲ್ಲಿ ಶಿವರಾಮ ಕಾರಂತರೂ ಇದ್ದರು. ಕೆಪಿಎಲ್‌ಗೆ ಇನ್ನಷ್ಟು ಜಮೀನು ಕೊಡದಂತೆ 1987ರ ಮಾರ್ಚ್‌ನಲ್ಲಿ ಕೋರ್ಟು ತಡೆಯಾಜ್ಞೆ ಕೊಟ್ಟಿತು.

ಅದೇ ವರ್ಷ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಸುಮಾರು 2,000 ಜನ ಸೇರಿದರು. ಹೆಚ್ಚಿನವರು ರೈತರು. ಅವರು ಮಾಡಿದ್ದು ಇಷ್ಟೇ: ಸುಮಾರು 100 ನೀಲಗಿರಿ ಸಸಿ ಕಿತ್ತರು. ಅದೇ ಜಾಗದಲ್ಲಿ ಊರಿಗೆ ಹಣ್ಣು, ಮೇವು ಕೊಡುವ ಸಸಿ ನೆಟ್ಟರು. ಇದಕ್ಕೆ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ಅಂತ ಹೆಸರು. ಬೇರೆ ಕಡೆಯಿಂದ ಬಂದ ಗೆಳೆಯರಿಗೆ ಒಂದು ಮಾತು: ನಮ್ಮ ಕಡೆ ‘ಸಸಿ ಹಚ್ಚೋದು’ ಅಂದ್ರೆ ಸಸಿ ನೆಡೋದು, ಬೆಂಕಿ ಹಚ್ಚೋದಲ್ಲ!

ಈಗ ಲೆಕ್ಕ

ಎರಡು ಮೀಟರಿಗೆ ಒಂದರಂತೆ ಸಸಿ ನೆಟ್ಟರೆ ಒಂದು ಹೆಕ್ಟೇರಿಗೆ 2,500 ಸಸಿ ಹಿಡಿಸುತ್ತೆ ಅಂತ ಇಟ್ಟುಕೊಳ್ಳೋಣ. 30,000 ಹೆಕ್ಟೇರಿಗೆ ಏಳೂವರೆ ಕೋಟಿ ಸಸಿ. ಕಿತ್ತಿದ್ದು ನೂರು. ಅಂದ್ರೆ ಏಳೂವರೆ ಲಕ್ಷಕ್ಕೆ ಒಂದು! ಹನಿ-ಹಳ್ಳದ ಲೆಕ್ಕದಲ್ಲಿ ನೋಡಿದರೆ ಇದು ಸೊನ್ನೆಗೆ ಸಮ. ಕಂಪನಿಗೆ ಅದರಿಂದ ಏನೂ ನಷ್ಟ ಆಗಲಿಲ್ಲ ಅಂತಾನೇ ಹೇಳಬಹುದು.

ಆದರೂ 1991ರಲ್ಲಿ ಸರ್ಕಾರ ಕೆಪಿಎಲ್ ಅನ್ನು ಮುಚ್ಚುವ ತೀರ್ಮಾನ ಮಾಡಿತು. ಹಾಗಾದರೆ ಆ ನೂರು ಸಸಿ ಮಾಡಿದ್ದೇನು?

ನಮ್ಮ ಎಲೆಕ್ಟ್ರಾನಿಕ್ಸ್ ಪಾಠದ ಎಸ್‌ಸಿಆರ್ ಇಲ್ಲಿ ಸಹಾಯಕ್ಕೆ ಬರುತ್ತೆ. ಬೇರೆ ಬ್ರಾಂಚಿನವರಿಗಾಗಿ ಸ್ವಲ್ಪ ಬಿಡಿಸಿ ಹೇಳ್ತೀವಿ. ಎಸ್‌ಸಿಆರ್ ಒಂದು ಸ್ವಿಚ್. ಅದರ ಗೇಟಿಗೆ ಕೆಲವು ಮಿಲಿ ಆಂಪಿಯರ್‌ನ ಪುಟ್ಟ ಪಲ್ಸ್ ಕೊಟ್ಟರೆ, ಹತ್ತಾರು ಆಂಪಿಯರ್ ಕರೆಂಟು ಹರಿಯೋಕೆ ಶುರು ಆಗುತ್ತೆ. ಆದರೆ ಎರಡು ಷರತ್ತು ಇವೆ. ಒಂದು, ಪಲ್ಸ್ ಕೊಡುವ ಮೊದಲೇ ಆನೋಡ್ ಮತ್ತು ಕ್ಯಾಥೋಡ್ ನಡುವೆ ಸರಿಯಾದ ದಿಕ್ಕಿನಲ್ಲಿ ವೋಲ್ಟೇಜ್ ಇರಬೇಕು. ಎರಡು, ಕರೆಂಟು ‘ಲ್ಯಾಚಿಂಗ್’ ಮಟ್ಟ ಮುಟ್ಟುವ ತನಕ ಪಲ್ಸ್ ತೆಗೀಬಾರದು. ಬೇಗ ತೆಗೆದರೆ ಸ್ವಿಚ್ ಮತ್ತೆ ಆಫ್.

ಕುಸನೂರಿನ ನೂರು ಸಸಿ ಆ ಗೇಟ್ ಪಲ್ಸ್ ಇದ್ದ ಹಾಗೆ. ಪಲ್ಸ್ ಕೊಡುವ ಮೊದಲು ಜನರ ಸಂಕಟ ಇತ್ತು, ಸಂಘಟನೆ ಇತ್ತು, ಕೋರ್ಟಿನ ತಡೆಯಾಜ್ಞೆ ಇತ್ತು. ಪಲ್ಸ್ ಆದ ಮೇಲೂ ಯಾರೂ ‘ಆಯ್ತಲ್ಲ, ಫೋಟೋ ಬಂತಲ್ಲ’ ಅಂತ ಮನೆಗೆ ಹೋಗಿ ಮಲಗಲಿಲ್ಲ. 1987ರಿಂದ 1991ರ ತನಕ ನಾಲ್ಕು ವರ್ಷ ವಿಷಯ ಜೀವಂತ ಇತ್ತು.

ಇದರಿಂದ ನಾವು ಕಲಿಯಬೇಕಾದ್ದು

1. *ಯಾರು ಬೇಕಾದರೂ ಮಾಡಬಹುದಾದ ಕೆಲಸ ಆರಿಸಬೇಕು.* ಸಸಿ ನೆಡೋದು ರೈತರಿಗೆ ಹೇಳಿಕೊಡಬೇಕಾದ ವಿದ್ಯೆ ಅಲ್ಲ. ಅದಕ್ಕೇ ಅದು ಎಲ್ಲರ ಕೆಲಸ ಆಗಬಹುದು.

2. *‘ಬೇಡ’ದ ಜೊತೆ ‘ಬೇಕು’ ಕೂಡ ಇರಬೇಕು.* ಬರೀ ಕಿತ್ತು ಬಂದಿದ್ದರೆ ಅದು ಹಾಳು ಮಾಡೋ ಕೆಲಸ ಅನಿಸಿಕೊಳ್ತಿತ್ತು. ಅದೇ ಜಾಗದಲ್ಲಿ ಹಚ್ಚಿದ್ದರಿಂದ ಊರಿಗೆ ಬೇಕಾಗಿದ್ದು ಏನು ಅಂತ ಭಾಷಣ ಇಲ್ಲದೇ ತಿಳೀತು.

3. *ಕೈ ಕೆಲಸಕ್ಕೆ ಕಾಗದದ ಬಲ ಬೇಕು.* ಅರ್ಜಿ, ಅಂಕಿ-ಅಂಶ, ಕೋರ್ಟು ಇವು ಬೇಜಾರಿನ ಕೆಲಸ. ಆದರೆ ಇವಿಲ್ಲದೇ ಹೋಗಿದ್ದರೆ ಕುಸನೂರು ಒಂದು ದಿನದ ಸುದ್ದಿಯಾಗಿ ಮುಗೀತಿತ್ತು.

4. *ಎದುರಿಗಿರುವವರ ಅನ್ನವನ್ನೂ ಮರೆಯಬಾರದು.* ಕಾರ್ಖಾನೆ ಇವತ್ತಿಗೂ ನಡೀತಿದೆ. ಹರಿಹರದ ಕಡೆಯ ಎಷ್ಟೋ ಮನೆಗಳ ಒಲೆ ಉರಿಯೋದು ಅದರಿಂದಲೇ. ಮುಚ್ಚಿದ್ದು ಊರ ಜಮೀನು ಪಡೆದ ಕೆಪಿಎಲ್, ಕಾರ್ಖಾನೆ ಅಲ್ಲ. ಕೆಲಸವೂ ಬೇಕು, ಹುಲ್ಲುಗಾವಲೂ ಬೇಕು, ನದಿಯೂ ಬೇಕು ಅನ್ನೋದು ಕಷ್ಟದ ಪ್ರಾಬ್ಲಮ್. ಇಂಥ ಪ್ರಾಬ್ಲಮ್ ಬಿಡಿಸೋಕೆ ತಾನೇ ನಾವು ಎಂಜಿನಿಯರಿಂಗ್ ಓದ್ತಿರೋದು?

ಹಾಗಾದರೆ ನಾವೇನು ಮಾಡಬಹುದು?

ನಮ್ಮ ಕ್ಯಾಂಪಸ್ಸಿನಲ್ಲಿ ಸಣ್ಣ ಕೆಲಸಗಳಿಗೆ ಬರ ಇಲ್ಲ. ಜೂನ್ 5ಕ್ಕೆ ಸಸಿ ನೆಡ್ತೀವಿ, ಅಕ್ಟೋಬರ್ 2ಕ್ಕೆ ಕಸ ಗುಡಿಸ್ತೀವಿ. ಆದರೆ ಜೂನ್ 6ಕ್ಕೆ ಆ ಸಸಿಗೆ ನೀರು ಹಾಕುವವರು ಯಾರು ಅಂತ ಕೇಳಿದರೆ ಎಲ್ಲರೂ ಮೊಬೈಲ್ ನೋಡ್ತೀವಿ. ನಮ್ಮಲ್ಲಿ ಪಲ್ಸ್ ಬೇಕಾದಷ್ಟಿದೆ, ಲ್ಯಾಚ್ ಆಗ್ತಿಲ್ಲ.

ಒಂದು ಸಲಹೆ. ದೊಡ್ಡಬಾತಿಯ ಕೆರೆ ನಮ್ಮ ಪಕ್ಕದಲ್ಲೇ ಇದೆ. ಸಿವಿಲ್ ವಿಭಾಗದವರು ಲ್ಯಾಬಿನಲ್ಲಿ ನೀರಿನ ಪಿಎಚ್, ಕರಗಿದ ಆಮ್ಲಜನಕ, ಗಡಸುತನ ಅಳೆಯೋದನ್ನ ಕಲಿತೇ ಕಲೀತಾರೆ. ರೆಕಾರ್ಡ್ ಪುಸ್ತಕಕ್ಕೆ ನಲ್ಲಿ ನೀರು ಅಳೆಯುವ ಬದಲು ತಿಂಗಳಿಗೊಮ್ಮೆ ಕೆರೆ ನೀರು ಅಳೆಯೋಣ. ಬಂದ ಅಂಕಿಗಳನ್ನು ಕನ್ನಡದಲ್ಲಿ ಬರೆದು ನಮ್ಮ ನೋಟಿಸ್ ಬೋರ್ಡಿಗೂ ಗ್ರಾಮ ಪಂಚಾಯಿತಿಗೂ ಕೊಡೋಣ. ಏನಾದರೂ ಮಾಹಿತಿ ಬೇಕಾದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಹತ್ತು ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿದರೆ 30 ದಿನದೊಳಗೆ ಉತ್ತರ ಕೊಡಬೇಕು. ಕ್ಯಾಂಟೀನಲ್ಲಿ ಒಂದು ಟೀ ಬಿಟ್ಟರೆ ಆ ದುಡ್ಡು ಉಳಿಯುತ್ತೆ.

ಇದರಿಂದ ಕೆರೆ ನಾಳೆಯೇ ಬದಲಾಗಲ್ಲ. ಆದರೆ 24 ತಿಂಗಳ ಅಂಕಿ ಕೈಯಲ್ಲಿದ್ದರೆ, ಮುಂದೆ ಯಾರಾದರೂ ಕೆರೆಗಾಗಿ ಎದ್ದು ನಿಂತಾಗ ಅವರ ಮಾತಿಗೆ ತೂಕ ಬರುತ್ತೆ. ನಾವು ಪಾಸಾಗಿ ಹೋಗ್ತೀವಿ, ಅಂಕಿಗಳು ಇಲ್ಲೇ ಇರ್ತವೆ. ಜೂನಿಯರ್ಸ್ ಅದನ್ನ ಮುಂದುವರಿಸಬೇಕು, ಅಷ್ಟೇ. ಆಸಕ್ತಿ ಇರುವವರು ಕನ್ನಡ ಸಂಘದ ಮುಂದಿನ ಸಭೆಗೆ ಬನ್ನಿ. ಮೊದಲ ಬಾಟಲಿ ನೀರು ಯಾವತ್ತು ತರೋದು ಅಂತ ಅಲ್ಲೇ ತೀರ್ಮಾನ ಮಾಡೋಣ.