ಹೊಲದ ಅಲರ್ಜಿ: ಗುರುತಿಸುವುದು ಹೇಗೆ? ಉಪಚಾರವೇನು?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳ ರೈತರಿಗೆ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ನೀರಿನ ಆಸರೆಯಿದೆ. ಇಲ್ಲಿಯ ಮುಖ್ಯ ಬೆಳೆ ಕಬ್ಬು. ನಿಪ್ಪಾಣಿಯು ಬೀಡಿ ತಂಬಾಕಿಗೆ ಹೆಸರಾದ ಊರು. ಬೆಳೆಯ ರೋಗ, ಕೀಟಗಳ ಬಗ್ಗೆ ಈ ಭಾಗದ ರೈತರಿಗೆ ಸಾಕಷ್ಟು ತಿಳಿವಳಿಕೆ ಇದೆ. ಆದರೆ ಹೊಲದಲ್ಲಿ ದುಡಿಯುವ ಮೈಗೆ ಬರುವ ತೊಂದರೆಗಳನ್ನು ಮಾತ್ರ ನಾವು ಲೆಕ್ಕಕ್ಕೆ ಇಡುವುದಿಲ್ಲ. ಅಂತಹ ತೊಂದರೆಗಳಲ್ಲಿ ಅಲರ್ಜಿ ಒಂದು. ಅಲರ್ಜಿಯ ಮೂಲವು ಬಹಳ ಸಲ ಹೊಲದ ಬದುವಿನಲ್ಲಿಯೇ ಇರುತ್ತದೆ. ಮೂಲವನ್ನು ಬಿಟ್ಟು ಬರೀ ಮುಲಾಮು ಹಚ್ಚುತ್ತ ಹೋದರೆ ಗುಣ ಕಾಣುವುದಿಲ್ಲ. ಇದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಅಲರ್ಜಿ ಎಂದರೇನು?

ನಮ್ಮ ದೇಹದಲ್ಲಿ ರೋಗಾಣುಗಳ ವಿರುದ್ಧ ಹೋರಾಡುವ ನಿರೋಧಕ ಶಕ್ತಿ ಇದೆ. ಅದು ತೋಟದ ಕಾವಲುಗಾರನಿದ್ದ ಹಾಗೆ. ಕೆಲವರಲ್ಲಿ ಈ ಕಾವಲುಗಾರ ಹಾನಿ ಮಾಡದ ವಸ್ತುವನ್ನೂ ಕಳ್ಳನೆಂದು ತಿಳಿದು ಹೊಡೆಯಲು ಹೋಗುತ್ತಾನೆ. ಹೂವಿನ ಪರಾಗ, ಧೂಳು, ಬೂಷ್ಟು, ಗಿಡದ ರಸ, ಕೆಲವು ಆಹಾರ, ಕೆಲವು ಔಷಧಿ ಇಂತಹ ವಸ್ತುಗಳು. ಈ ಹೊಡೆದಾಟದಿಂದ ಮೈಮೇಲೆ ಕಾಣುವ ತೊಂದರೆಗೆ ಅಲರ್ಜಿ ಅಥವಾ ಒಗ್ಗದಿಕೆ ಎನ್ನುತ್ತಾರೆ. ಇದು ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ. ಒಂದೇ ಹೊಲದಲ್ಲಿ ದುಡಿಯುವ ಹತ್ತು ಜನರಲ್ಲಿ ಒಬ್ಬನಿಗೆ ಮಾತ್ರ ಬರಬಹುದು. ಹಲವು ವರ್ಷ ಏನೂ ಆಗದೆ ಇದ್ದವರಿಗೂ ಒಮ್ಮೆ ಶುರುವಾಗಬಹುದು.

ಅಲರ್ಜಿಯಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಕೆಲವೇ ನಿಮಿಷಗಳಲ್ಲಿ ಕಾಣಿಸುವಂಥದು: ಮೇಲಿಂದ ಮೇಲೆ ಸೀನು, ಮೂಗಿನಲ್ಲಿ ನೀರು, ಕಣ್ಣುರಿ, ಮೈಮೇಲೆ ಗಂಧೆ, ದಮ್ಮು. ಎರಡನೆಯದು ಗಿಡ ಸೋಕಿದ ಒಂದೆರಡು ದಿನಗಳ ನಂತರ ಚರ್ಮದ ಮೇಲೆ ಕಾಣಿಸುವಂಥದು: ಕೆಂಪಾಗುವುದು, ವಿಪರೀತ ತುರಿಕೆ (ನಮ್ಮ ಕಡೆ ಇದಕ್ಕೆ ತಿಂಡಿ ಎನ್ನುತ್ತಾರೆ), ಸಣ್ಣ ನೀರುಗುಳ್ಳೆ, ನಂತರ ಚರ್ಮ ಒಡೆದು ದಪ್ಪವಾಗುವುದು. ಹೀಗೆ ತಡವಾಗಿ ಕಾಣಿಸುವುದರಿಂದಲೇ ರೈತನಿಗೆ ಕಾರಣ ಹೊಳೆಯುವುದಿಲ್ಲ. ಸೋಮವಾರ ಕಸ ಕಿತ್ತವನಿಗೆ ಬುಧವಾರ ತಿಂಡಿ ಎದ್ದರೆ, ಮಂಗಳವಾರ ಉಂಡದ್ದರ ಮೇಲೆ ತಪ್ಪು ಹೊರಿಸುತ್ತಾನೆ.

ಮುಖ್ಯ ಅಪರಾಧಿ: ಕಾಂಗ್ರೆಸ್ ಕಸ

ಹೊಲದಲ್ಲಿ ದುಡಿಯುವವರ ಚರ್ಮದ ಅಲರ್ಜಿಗೆ ದೊಡ್ಡ ಕಾರಣ ಪಾರ್ಥೇನಿಯಂ. ನಾವು ಇದಕ್ಕೆ ಕಾಂಗ್ರೆಸ್ ಕಸ ಎನ್ನುತ್ತೇವೆ. ಗಡಿಭಾಗದ ಮರಾಠಿ ರೈತರು ಗಾಜರ ಗವತ ಎನ್ನುತ್ತಾರೆ, ಏಕೆಂದರೆ ಇದರ ಎಲೆ ಗಜ್ಜರಿಯ ಎಲೆಯನ್ನು ಹೋಲುತ್ತದೆ. ಅಮೆರಿಕಾ ಖಂಡದ ಉಷ್ಣವಲಯದಿಂದ ಬಂದ ಈ ಕಳೆಯು 1950ರ ದಶಕದ ಮಧ್ಯದಲ್ಲಿ ಪುಣೆಯಲ್ಲಿ ಕಂಡುಬಂದು, ಅನಂತರ ದೇಶದ ತುಂಬ ಹಬ್ಬಿತು. ಮೊಳೆತ ನಾಲ್ಕರಿಂದ ಆರು ವಾರಗಳಲ್ಲಿ ಹೂ ಬಿಡುತ್ತದೆ. ಒಂದು ದೊಡ್ಡ ಗಿಡ ಸಾವಿರಗಟ್ಟಲೆ ಬೀಜ ಉದುರಿಸುತ್ತದೆ. ಬೀಜಗಳು ಗಾಳಿ, ನೀರು, ಗೊಬ್ಬರ, ವಾಹನದ ಗಾಲಿಗೆ ಅಂಟಿದ ಕೆಸರು ಇವುಗಳ ಜೊತೆ ಸಾಗುತ್ತವೆ. ತೇವ ಇದ್ದಲ್ಲಿ ಇದು ವರ್ಷವಿಡೀ ಮೊಳೆಯುವುದರಿಂದ ಕಾಲುವೆಯ ದಂಡೆ, ಕಬ್ಬಿನ ಬದು, ರಸ್ತೆಯ ಬದಿಗಳಲ್ಲಿ ಇದಕ್ಕೆ ಬಿಡುವೇ ಇಲ್ಲ.

ಈ ಗಿಡದ ಎಲೆ, ಕಾಂಡ, ಹೂಗಳ ಮೇಲಿನ ಸೂಕ್ಷ್ಮ ಕೂದಲುಗಳಲ್ಲಿ ಪಾರ್ಥೇನಿನ್ ಎಂಬ ರಾಸಾಯನಿಕ ವಸ್ತುವಿದೆ. ಗಿಡ ಒಣಗಿದರೂ ಇದರ ಗುಣ ಹೋಗುವುದಿಲ್ಲ. ಒಣಗಿದ ಚೂರುಗಳು ಗಾಳಿಯಲ್ಲಿ ಹಾರಿ ಬಂದು ಮೈಮೇಲೆ ಕೂಡುತ್ತವೆ. ಆದ್ದರಿಂದ ಗಿಡ ಮುಟ್ಟದವರಿಗೂ ಅಲರ್ಜಿ ಬರುತ್ತದೆ. ಇದರ ಪರಾಗದಿಂದ ಸೀನು ಮತ್ತು ದಮ್ಮು ಬರುವುದೂ ಉಂಟು.

ಕಾಂಗ್ರೆಸ್ ಕಸದ ಅಲರ್ಜಿಯನ್ನು ಹೀಗೆ ಗುರುತಿಸಬಹುದು:

1. ಹೆಚ್ಚಾಗಿ ಹೊಲದಲ್ಲಿ ದುಡಿಯುವ ನಡುವಯಸ್ಸಿನ ಗಂಡಸರಲ್ಲಿ ಕಂಡುಬರುತ್ತದೆ. ಹೆಣ್ಣುಮಕ್ಕಳಲ್ಲಿ ಮತ್ತು ಚಿಕ್ಕ ಮಕ್ಕಳಲ್ಲಿ ಕಡಿಮೆ.

2. ಕಣ್ಣಿನ ರೆಪ್ಪೆ, ಕುತ್ತಿಗೆ, ಮೊಣಕೈ ಮತ್ತು ಮೊಣಕಾಲಿನ ಮಡಿಕೆಗಳಲ್ಲಿ ತುರಿಕೆ ಆರಂಭವಾಗುತ್ತದೆ.

3. ಗದ್ದದ ಕೆಳಗೆ, ಕಿವಿಯ ಹಿಂದೆ ಕೂಡ ಚರ್ಮ ಕೆಂಪಾಗುತ್ತದೆ. ಬರೀ ಬಿಸಿಲಿನಿಂದಾದ ತೊಂದರೆಯು ಸಾಮಾನ್ಯವಾಗಿ ಈ ನೆರಳಿನ ಜಾಗಗಳನ್ನು ಬಿಡುತ್ತದೆ. ಹಾರಿ ಬರುವ ಧೂಳು ಬಿಡುವುದಿಲ್ಲ.

4. ಕಸ ಹುಲುಸಾಗಿ ಬೆಳೆದ ಕಾಲದಲ್ಲಿ ಹೆಚ್ಚಾಗುತ್ತದೆ. ಕೆಲವು ದಿನ ಪರಊರಿಗೆ ಹೋದರೆ ಕಡಿಮೆಯಾಗುತ್ತದೆ.

ಇದನ್ನು ಅಲಕ್ಷಿಸಿದರೆ ವರ್ಷದಿಂದ ವರ್ಷಕ್ಕೆ ಬಲಿಯುತ್ತದೆ. ಮುಖದ ಚರ್ಮ ತೊಗಲಿನಂತೆ ದಪ್ಪವಾಗಿ ಗೆರೆ ಬೀಳುತ್ತದೆ. ಕೆಲವರಲ್ಲಿ ಬಿಸಿಲು ಕೂಡ ಸಹಿಸದಂತಾಗುತ್ತದೆ. ಬಿಸಿಲಿಗೆ ಬರಲಾರದ ರೈತ ಹೊಲ ಮಾಡುವುದು ಹೇಗೆ? ಆದ್ದರಿಂದ ಇದು ಕೇವಲ ತುರಿಕೆಯ ಮಾತಲ್ಲ, ಮನೆತನದ ದುಡಿಮೆಯ ಮಾತು. ಸೂರ್ಯಕಾಂತಿ, ಸೇವಂತಿಗೆ ಮೊದಲಾದವು ಇದೇ ಕುಟುಂಬದ ಗಿಡಗಳು. ಕಾಂಗ್ರೆಸ್ ಕಸ ಒಗ್ಗದವರಲ್ಲಿ ಕೆಲವರಿಗೆ ಇವೂ ಒಗ್ಗುವುದಿಲ್ಲ.

ಬೂಷ್ಟಿನ ಧೂಳು

ಹಸಿಯಾಗಿ ಒಟ್ಟಿ ಬೂಷ್ಟು ಹಿಡಿದ ಕಬ್ಬಿನ ರವದಿ, ಮೇವಿನ ಬಣಿವೆ, ಕಾರ್ಖಾನೆಯ ಹಳೆಯ ಕಬ್ಬಿನ ಸಿಪ್ಪೆ ಇವುಗಳನ್ನು ಕೆದರಿದಾಗ ಏಳುವ ಧೂಳಿನಲ್ಲಿ ಸೂಕ್ಷ್ಮಜೀವಿಗಳ ಕಣಗಳಿರುತ್ತವೆ. ಇವು ಒಗ್ಗದವರಿಗೆ ಕೆಲಸ ಮಾಡಿದ ನಾಲ್ಕರಿಂದ ಎಂಟು ತಾಸಿನೊಳಗೆ ಚಳಿಜ್ವರ, ಒಣಕೆಮ್ಮು, ಏದುಸಿರು ಬರುತ್ತವೆ. ಒಂದೆರಡು ದಿನಗಳಲ್ಲಿ ಕಡಿಮೆಯಾಗುವುದರಿಂದ ಸಾದಾ ಜ್ವರವೆಂದು ಬಿಡುತ್ತಾರೆ. ಮೇಲಿಂದ ಮೇಲೆ ಹೀಗಾದರೆ ಪುಪ್ಪುಸಕ್ಕೆ ಕಾಯಂ ಹಾನಿಯಾಗುವ ಸಂಭವವಿದೆ. ಮೇವನ್ನು ಚೆನ್ನಾಗಿ ಒಣಗಿಸಿಯೇ ಬಣಿವೆ ಹಾಕಬೇಕು. ಬೂಷ್ಟು ಹಿಡಿದದ್ದನ್ನು ನೀರು ಚಿಮುಕಿಸಿ, ಮೂಗು ಬಾಯಿಗೆ ಸರಿಯಾಗಿ ಕೂಡುವ ಮಾಸ್ಕ್ ಹಾಕಿಕೊಂಡು, ಗಾಳಿಗೆ ಬೆನ್ನು ಮಾಡಿ ತೆಗೆಯಬೇಕು.

ಅಲರ್ಜಿ ಅಲ್ಲದವು

ಹೊಲದಲ್ಲಿ ಬರುವ ಎಲ್ಲ ತೊಂದರೆಗಳೂ ಅಲರ್ಜಿಯಲ್ಲ. ಇಬ್ಬನಿ ಅಥವಾ ಮಳೆಯಿಂದ ತೊಯ್ದ ಹಸಿ ತಂಬಾಕಿನ ಎಲೆ ಮುಟ್ಟಿ ಕೆಲಸ ಮಾಡಿದಾಗ ನಿಕೋಟಿನ್ ಚರ್ಮದ ಮೂಲಕ ಒಳಸೇರಿ ತಲೆಸುತ್ತು, ವಾಂತಿ, ತಲೆನೋವು, ನಿಶ್ಶಕ್ತಿ ಉಂಟಾಗುತ್ತವೆ. ಇದು ನಂಜು. ಎಲೆಯ ತೇವ ಆರಿದ ಮೇಲೆ ಕೆಲಸ ಮಾಡುವುದು, ಕೈಚೀಲ ಮತ್ತು ತುಂಬುತೋಳಿನ ಅಂಗಿ ಧರಿಸುವುದು, ತೊಯ್ದ ಬಟ್ಟೆ ಬದಲಿಸುವುದು ಇದಕ್ಕೆ ಉಪಾಯ. ಅದೇ ರೀತಿ ಕೀಟನಾಶಕ ಸಿಂಪಡಿಸಿದ ನಂತರ ಬೆವರು, ಜೊಲ್ಲು, ವಾಂತಿ, ಕಣ್ಣು ಮಂಜಾಗುವುದು ಕಂಡರೆ ಅದು ವಿಷಬಾಧೆ. ಅಲರ್ಜಿಯ ಗುಳಿಗೆ ನುಂಗಿ ಮಲಗದೆ, ಔಷಧಿಯ ಡಬ್ಬಿ ಸಮೇತ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಗಜಕರ್ಣವು ಶಿಲೀಂಧ್ರದ ರೋಗ. ಅದರ ಚಿಕಿತ್ಸೆಯೇ ಬೇರೆ.

ಉಪಚಾರ

ಔಷಧಿ ಕೊಡುವುದು ವೈದ್ಯರ ಕೆಲಸ. ಆದರೆ ಯಾವ ಔಷಧಿ ಏನು ಮಾಡುತ್ತದೆ ಎಂಬುದು ರೈತರಿಗೂ ತಿಳಿದಿರಬೇಕು.

ಗುಳಿಗೆ: ಸೆಟಿರಿಜಿನ್‌ನಂತಹ ಗುಳಿಗೆಗಳು ಸೀನು, ಗಂಧೆ ಮತ್ತು ತುರಿಕೆಯನ್ನು ತಗ್ಗಿಸುತ್ತವೆ. ಕಸದಿಂದಾದ ಚರ್ಮದ ಉರಿಯೂತವನ್ನು ಇವು ವಾಸಿ ಮಾಡಲಾರವು. ಕೆಲವರಿಗೆ ನಿದ್ದೆ ಬರಿಸುವುದರಿಂದ ಇವನ್ನು ತೆಗೆದುಕೊಂಡು ಟ್ರ್ಯಾಕ್ಟರ್ ನಡೆಸಬಾರದು.

ಮುಲಾಮು: ಸ್ಟಿರಾಯಿಡ್ ಮುಲಾಮುಗಳು ಚರ್ಮದ ಉರಿಯೂತಕ್ಕೆ ಒಳ್ಳೆಯ ಔಷಧಿ. ಆದರೆ ವೈದ್ಯರು ಹೇಳಿದಷ್ಟು ದಿನ, ಹೇಳಿದ ಜಾಗಕ್ಕೆ ಮಾತ್ರ ಹಚ್ಚಬೇಕು. ಅಂಗಡಿಯಿಂದ ತಾವೇ ತಂದು ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಗಜಕರ್ಣಕ್ಕೆ ಹಚ್ಚಿದರೆ ಮೊದಲು ಕಡಿಮೆಯಾದಂತೆ ಕಂಡು ನಂತರ ಮೈತುಂಬ ಹಬ್ಬುತ್ತದೆ.

ಹಳೆಯ, ಬಲಿತ ತೊಂದರೆ: ಚರ್ಮರೋಗ ತಜ್ಞರು ಅಜಾಥಯೋಪ್ರಿನ್ ಮುಂತಾದ ಗುಳಿಗೆ ಕೊಡುತ್ತಾರೆ. ಇವುಗಳ ಜೊತೆ ಆಗಾಗ ರಕ್ತಪರೀಕ್ಷೆ ಕಡ್ಡಾಯ. ಕಾರಣ ಖಚಿತಪಡಿಸಲು ಬೆನ್ನಿನ ಮೇಲೆ ಪಟ್ಟಿ ಅಂಟಿಸಿ ಎರಡು ದಿನ ಬಿಟ್ಟು ನೋಡುವ ಪರೀಕ್ಷೆ ಇದೆ. ತಾಲೂಕಾ ಆಸ್ಪತ್ರೆಯಲ್ಲಿ ತೋರಿಸಿ, ಅಗತ್ಯ ಬಿದ್ದರೆ ಬೆಳಗಾವಿಯ ಬಿಮ್ಸ್ ಜಿಲ್ಲಾ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗಬಹುದು.

ದಮ್ಮು: ಬಾಯಿಯಿಂದ ಎಳೆದುಕೊಳ್ಳುವ ಇನ್‌ಹೇಲರ್ ಚಟ ಹಿಡಿಸುತ್ತದೆ ಎಂಬುದು ತಪ್ಪು ಕಲ್ಪನೆ. ಅಲ್ಪ ಪ್ರಮಾಣದ ಔಷಧಿಯನ್ನು ನೇರವಾಗಿ ಪುಪ್ಪುಸಕ್ಕೆ ಮುಟ್ಟಿಸುವ ವಿಧಾನವದು.

ತುರ್ತು ಸ್ಥಿತಿ: ಜೇನು ಅಥವಾ ಕಣಜ ಕಡಿದಾಗ, ಔಷಧಿ ಅಥವಾ ಆಹಾರ ಒಗ್ಗದಾಗ ಕೆಲವರಿಗೆ ನಿಮಿಷಗಳಲ್ಲಿ ತುಟಿ ನಾಲಿಗೆ ಬಾತು, ಉಸಿರು ಕಟ್ಟಿ, ಕಣ್ಣು ಕತ್ತಲೆ ಬರುತ್ತದೆ. ಇದು ಪ್ರಾಣಾಪಾಯ. ರೋಗಿಯನ್ನು ನಡೆಸಬಾರದು. ಮಲಗಿಸಿ ಕಾಲು ಎತ್ತರಕ್ಕೆ ಇಡಬೇಕು. ಉಸಿರಾಟ ಕಷ್ಟವಾದರೆ ಒರಗಿಸಿ ಕೂಡಿಸಬೇಕು. ಕೂಡಲೇ 108ಕ್ಕೆ ಕರೆ ಮಾಡಬೇಕು. ತೊಡೆಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದೇ ಇದಕ್ಕೆ ಮೊದಲ ಔಷಧಿ. ಗುಳಿಗೆ ನಂಬಿ ಕಾಲ ಕಳೆಯಬಾರದು.

ಮೂಲವನ್ನು ಕೀಳುವುದು

ಕಾಂಗ್ರೆಸ್ ಕಸವನ್ನು ಹೂ ಬಿಡುವ ಮೊದಲೇ, ನೆಲ ಹಸಿಯಿರುವಾಗ ಬೇರು ಸಮೇತ ಕೀಳಬೇಕು. ಕೈಚೀಲ, ತುಂಬುತೋಳಿನ ಅಂಗಿ, ಮುಖಕ್ಕೆ ವಸ್ತ್ರ ಇರಲಿ. ಆಳುಗಳಿಗೂ ಇವನ್ನು ಒದಗಿಸುವುದು ಮಾಲೀಕರ ಕರ್ತವ್ಯ. ಈಗಾಗಲೇ ಅಲರ್ಜಿ ಇದ್ದವರು ಈ ಕೆಲಸಕ್ಕೆ ಇಳಿಯಲೇಬಾರದು. ಕೆಲಸ ಮುಗಿದ ಮೇಲೆ ಸಾಬೂನು ಹಚ್ಚಿ ಸ್ನಾನ ಮಾಡಿ, ಬಟ್ಟೆಯನ್ನು ಪ್ರತ್ಯೇಕವಾಗಿ ಒಗೆಯಬೇಕು. ಹೂ ಬಿಡದ ಕಸವನ್ನು ಗುಂಡಿಯಲ್ಲಿ ಹಾಕಿ ಕಾಂಪೋಸ್ಟ್ ಮಾಡಬಹುದು. ಮನೆಯ ಹತ್ತಿರ ಒಣಗಿಸುವುದು, ಸುಡುವುದು ಬೇಡ.

ಬಂಜರು ಜಾಗದಲ್ಲಿ ತಗಚೆಯ ಬೀಜವನ್ನು ಮುಂಗಾರಿಗೆ ಮೊದಲು ಚೆಲ್ಲಿದರೆ ಅದು ದಟ್ಟವಾಗಿ ಬೆಳೆದು ಈ ಕಸವನ್ನು ಅಡಗಿಸುತ್ತದೆ. ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಿದ ಜೈಗೋಗ್ರಾಮ ದುಂಬಿಯು ಮಳೆಗಾಲದಲ್ಲಿ ಇದರ ಎಲೆಯನ್ನು ತಿಂದು ಹಾಕುತ್ತದೆ. ಈ ದುಂಬಿ ಕಂಡಲ್ಲಿ ಕೀಟನಾಶಕ ಸಿಂಪಡಿಸಬಾರದು. ಲೀಟರಿಗೆ 200 ಗ್ರಾಂ ಅಡಿಗೆ ಉಪ್ಪು ಕರಗಿಸಿ ಸಿಂಪಡಿಸುವ ವಿಧಾನವೂ ಬಳಕೆಯಲ್ಲಿದೆ. ಆದರೆ ಅತಿ ನೀರಾವರಿಯಿಂದ ಸವಳಾಗುತ್ತಿರುವ ನಮ್ಮ ಕಪ್ಪು ಭೂಮಿಯ ಬದುಗಳಲ್ಲಿ ಇದನ್ನು ಅನುಸರಿಸುವುದು ಸೂಕ್ತವಲ್ಲ. ಕಳೆನಾಶಕ ಬಳಸುವ ಮೊದಲು ರೈತ ಸಂಪರ್ಕ ಕೇಂದ್ರದ ಸಲಹೆ ಪಡೆಯಬೇಕು.

ಒಬ್ಬನೇ ರೈತ ತನ್ನ ಬದು ಸ್ವಚ್ಛ ಮಾಡಿದರೆ ಸಾಲದು. ನೆರೆಯವನ ಹೊಲದ ಬೀಜ ಗಾಳಿಗೆ ಬರುತ್ತದೆ. ಪ್ರತಿವರ್ಷ ಆಗಸ್ಟ್ 16ರಿಂದ 22ರ ವರೆಗೆ ದೇಶದಾದ್ಯಂತ ಪಾರ್ಥೇನಿಯಂ ಜಾಗೃತಿ ಸಪ್ತಾಹ ನಡೆಯುತ್ತದೆ. ಆ ವಾರದಲ್ಲಿ ಗ್ರಾಮ ಪಂಚಾಯತಿ, ಸಹಕಾರಿ ಸಂಘ, ಯುವಕ ಮಂಡಳಗಳು ಕೂಡಿ ಶಾಲೆಯ ಆವರಣ, ಕಾಲುವೆಯ ದಂಡೆ, ರಸ್ತೆಯ ಬದಿಗಳ ಕಸವನ್ನು ಒಟ್ಟಾಗಿ ಕೀಳಬೇಕು. ಕಸ ಕಡಿಮೆಯಾದಷ್ಟೂ ಊರಿನಲ್ಲಿ ಮುಲಾಮಿನ ಖರ್ಚೂ ಕಡಿಮೆಯಾಗುತ್ತದೆ.