ಐದಿಂಚಿನ ಸಂದಿಯಲ್ಲಿ ಬಿಸಿಗಾಳಿ

ಕೊಡಗಿನಲ್ಲಿ ಮನೆಗೆ ಬಿಸಿಗಾಳಿಯ ಡಕ್ಟ್ ಹಾಕಿಸುವವರು ಅಪರೂಪ. ಬೆಂಕಿಗೂಡೋ, ರೂಮ್ ಹೀಟರೋ, ಇನ್ನೊಂದು ಕಂಬಳಿಯೋ ಇದ್ದರೆ ಡಿಸೆಂಬರ್ ಕಳೆದುಹೋಗುತ್ತದೆ. ನಮ್ಮ ತಗಡಿನ ಶೆಡ್ಡಿಗೆ ಬರುವ ಕೆಲಸವೂ ಬಹುಪಾಲು ಹೋಟೆಲ್ ಅಡುಗೆಮನೆಯ ಹೊಗೆ ಡಕ್ಟು, ಏಲಕ್ಕಿ ಡ್ರೈಯರಿನ ಪೈಪು. ನಡುನಡುವೆ ಒಂದು ಹೋಂಸ್ಟೇ, ಒಂದು ತೋಟದ ಬಂಗಲೆ. ಆ ಕೆಲವೇ ಮನೆಗಳಲ್ಲಿ ನಾನು ಕಲಿತದ್ದು ಇದು. ಕಲಿತದ್ದಕ್ಕಿಂತ ಕೆಡಿಸಿದ್ದೇ ಹೆಚ್ಚು ಅಂದರೂ ಸರಿ.

1. ಮೊದಲು ಗಾಳಿಯ ಲೆಕ್ಕ, ಆಮೇಲೆ ಸೀಲಿಂಗು.

ಮಡಿಕೇರಿ ಹತ್ತಿರದ ಬಂಗಲೆಯೊಂದಕ್ಕೆ ನನ್ನನ್ನು ಕರೆಸಿದಾಗ ಮರದ ಸೀಲಿಂಗ್ ಹೊಡೆದು ಪಾಲಿಶ್ ಕೂಡ ಆಗಿತ್ತು. "ಮೇಲೆ ಐದಿಂಚು ಸಂದಿ ಬಿಟ್ಟಿದ್ದೇವೆ, ಅದರೊಳಗೆ ಹೇಗಾದರೂ ಕೂರಿಸಿ ಮಾರಾಯ್ರೆ" ಎಂದರು ಯಜಮಾನರು. ಮೂರು ಕೋಣೆಗೆ ಒಟ್ಟು 400 ಸಿಎಫ್‌ಎಂ, ಅಂದರೆ ನಿಮಿಷಕ್ಕೆ 400 ಘನ ಅಡಿ ಗಾಳಿ ಬೇಕಿತ್ತು. ಮನೆಯ ದೊಡ್ಡ ಡಕ್ಟಿನಲ್ಲಿ ಗಾಳಿ ನಿಮಿಷಕ್ಕೆ 600 ಅಡಿಯ ಆಸುಪಾಸಿನಲ್ಲಿ ಓಡಿದರೆ ಸದ್ದು ಕಾಡುವುದಿಲ್ಲ. 400ನ್ನು 600ರಿಂದ ಭಾಗಿಸಿ 144ರಿಂದ ಗುಣಿಸಿದರೆ 96 ಚದರ ಇಂಚು. 12x8 ಹಾಕಿದರೂ 96, 24x4 ಹಾಕಿದರೂ 96. ಲೆಕ್ಕ ಕೂಡಿತಲ್ಲ ಎಂದು 24x4 ಮಡಿಸಿ ಮೇಲಕ್ಕೆ ಏರಿಸಿಯೇ ಬಿಟ್ಟೆ.

ಕೊನೆಯ ಕೋಣೆಯ ಗ್ರಿಲ್ಲಿನೆದುರು ಊದುಬತ್ತಿ ಹಿಡಿದರೆ ಹೊಗೆ ನೆಟ್ಟಗೆ ಮೇಲೇರುತ್ತಿತ್ತು. ಒಂದಿಷ್ಟೂ ಬಳುಕಲಿಲ್ಲ.

2. ವಿಸ್ತೀರ್ಣ ಒಂದೇ ಆದರೂ ಗಾಳಿಗೆ ಎರಡೂ ಒಂದೇ ಅಲ್ಲ.

ಗಾಳಿ ತಗಡಿಗೆ ಉಜ್ಜಿಕೊಂಡು ಹೋಗುತ್ತದೆ. 12x8ರ ಸುತ್ತಳತೆ 40 ಇಂಚು, 24x4ರದ್ದು 56. ಉಜ್ಜುವ ಜಾಗ ಹೆಚ್ಚಾದಷ್ಟೂ ಫ್ಯಾನಿಗೆ ಭಾರ. ಕೋಷ್ಟಕದಲ್ಲಿ ಇವಕ್ಕೆ ಸಮನಾದ ದುಂಡು ಪೈಪಿನ ವ್ಯಾಸ ಕೊಟ್ಟಿರುತ್ತಾರೆ: 12x8ಕ್ಕೆ 10.7 ಇಂಚು, 16x6ಕ್ಕೆ 10.4, 24x4ಕ್ಕೆ 9.8. ನೋಡಲು ಒಂದಿಂಚಿನ ವ್ಯತ್ಯಾಸ ಅಷ್ಟೆ. ಆದರೆ ಅಷ್ಟೇ ಗಾಳಿಯನ್ನು ಅದರಲ್ಲಿ ನೂಕಲು ಫ್ಯಾನಿನ ಮೇಲೆ ಬೀಳುವ ಒತ್ತಡ ಸುಮಾರು ಒಂದೂವರೆ ಪಟ್ಟು. ಇನ್ನೂ ಚಪ್ಪಟೆ ಮಾಡಿ 32x3ಕ್ಕೆ ಇಳಿಸಿದರೆ ಎರಡು ಪಟ್ಟು. ಅಗಲ ಎತ್ತರದ ನಾಲ್ಕು ಪಟ್ಟು ಮೀರಬಾರದು ಎಂಬುದು ಪುಸ್ತಕದ ಮಾತು. ನಾನು ಎರಡರ ಒಳಗೇ ನಿಲ್ಲುತ್ತೇನೆ; ಮೂರಕ್ಕೆ ಹೋಗಬೇಕಾದರೆ ಯಜಮಾನರ ಜತೆ ಜಗಳ ಆಡಿಯೇ ಹೋಗುತ್ತೇನೆ.

ಚಪ್ಪಟೆ ಡಕ್ಟಿಗೆ ಇನ್ನೊಂದು ರೋಗ. ಫ್ಯಾನ್ ಶುರುವಾದಾಗ ಅಗಲದ ಮೈ ಉಬ್ಬಿ "ಢಬ್" ಎನ್ನುತ್ತದೆ, ನಿಂತಾಗ ಮತ್ತೊಮ್ಮೆ. ಶೀಟಿನ ಮೇಲೆ ಮೂಲೆಯಿಂದ ಮೂಲೆಗೆ ಇಂಟು ಗುರುತಿನಂತೆ ತುಸು ಮಡಿಕೆ ಕೊಟ್ಟರೆ ಮೈ ಬಿಗಿಯುತ್ತದೆ, ಸದ್ದು ನಿಲ್ಲುತ್ತದೆ. ಆ ಬಂಗಲೆಯಲ್ಲಿ ನಾನು ಅದನ್ನೂ ಕೊಟ್ಟಿರಲಿಲ್ಲ. ಅತಿಥಿಗಳು ರಾತ್ರಿ ಅಟ್ಟದಲ್ಲಿ ಯಾರೋ ಓಡಾಡುತ್ತಾರೆ ಎಂದು ದೂರಿದರಂತೆ.

3. ಅಳತೆ ಬರೆಯುವಾಗ ಒಳಗಿನದೋ ಹೊರಗಿನದೋ ಎಂದು ಕೇಳಿ.

ಇದು ಸಣ್ಣ ಮಾತು, ಪೆಟ್ಟು ದೊಡ್ಡದು. 12x8 ಡಕ್ಟಿನ ಒಳಮೈಗೆ ಒಂದಿಂಚು ಇನ್ಸುಲೇಶನ್ ಅಂಟಿಸಿದರೆ ಗಾಳಿಗೆ ಉಳಿಯುವುದು 10x6, ಬರೀ 60 ಚದರ ಇಂಚು. 600ರಲ್ಲಿ ಓಡಬೇಕಾದ ಗಾಳಿ 960ಕ್ಕೆ ಏರಿ ಸಿಳ್ಳೆ ಹೊಡೆಯುತ್ತದೆ. ಹೊರಮೈಗೆ ಸುತ್ತಿದರೆ ಅಟ್ಟದಲ್ಲಿ 14x10 ಜಾಗ ಬೇಕು. ಇನ್ಸುಲೇಶನ್ ಬೇಡವೇ ಬೇಡ ಎನ್ನುವವರಿಗೆ ನಾನು ಜನವರಿ ಬೆಳಿಗ್ಗೆ ಹಂಚಿನ ಕೆಳಗೆ ಹತ್ತಿ ನಿಲ್ಲಲು ಹೇಳುತ್ತೇನೆ. ಹೊರಗಿನ ಚಳಿ ಅಲ್ಲಿಯೂ ಇರುತ್ತದೆ. ಬಿಸಿಗಾಳಿ ಕೋಣೆ ಮುಟ್ಟುವ ಮೊದಲೇ ಅರ್ಧ ಆರುತ್ತದೆ.

4. ಶೀಟಿನ ಅಗಲವೂ ಒಂದು ಮಾತು ಹೇಳುತ್ತದೆ.

ಜಿಐ ಶೀಟು ನಾಲ್ಕಡಿ ಅಗಲ, ಎಂಟಡಿ ಉದ್ದ. ನಾಲ್ಕಡಿ ಅಂದರೆ 48 ಇಂಚು. 16x8 ಡಕ್ಟಿನ ಸುತ್ತಳತೆಯೂ ಸರಿಯಾಗಿ 48. ಎಷ್ಟು ಚೆಂದ ಕೂತಿತು ಎಂದು ಹೊಸ ಇಂಜಿನಿಯರ್ ಹುಡುಗರು ಬರೆದುಕೊಡುತ್ತಾರೆ. ಆದರೆ ಮೂಲೆಯ ಲಾಕ್ ಮಡಿಸಲು ಇನ್ನೂ ಒಂದೂವರೆ ಇಂಚು ಬೇಕಲ್ಲ? ಅದಕ್ಕಾಗಿ ಎರಡನೇ ಶೀಟ್ ಕತ್ತರಿಸಬೇಕು, ಇನ್ನೊಂದು ಕೂಡು ಬರುತ್ತದೆ, ಗಾಳಿ ಸೋರಲು ಇನ್ನೊಂದು ಜಾಗ. 15x8 ಮಾಡಿದರೆ 46 ಇಂಚು, ಲಾಕ್ ಸೇರಿ ಒಂದೇ ಶೀಟಿನಲ್ಲಿ ಮುಗಿಯುತ್ತದೆ. ಕಳೆದುಕೊಳ್ಳುವುದು ಎಂಟು ಚದರ ಇಂಚು. ಮಡಿಸುವವನನ್ನು ಕೇಳದೆ ಅಳತೆ ಬರೆದರೆ ದುಡ್ಡು ಹೋಗುವುದು ಇಂಥಲ್ಲಿ.

5. ಕವಲೊಡೆದ ಮೇಲೆ ಡಕ್ಟು ಕಿರಿದಾಗಲಿ, ಎತ್ತರ ಮಾತ್ರ ಹಾಗೇ ಇರಲಿ. 400ರಲ್ಲಿ 150 ಮೊದಲ ಕೋಣೆಗೆ ಹೋಯಿತೆಂದರೆ ಉಳಿದ 250ಕ್ಕೆ 60 ಚದರ ಇಂಚು ಸಾಕು, 8x8. ಎತ್ತರ 8 ಬದಲಾಗದಿದ್ದರೆ ಕೆಳಗಿನ ಸೀಲಿಂಗ್ ಕೆಲಸದವನೂ ಬೈಯುವುದಿಲ್ಲ.

6. ಹೋದ ಗಾಳಿ ವಾಪಸ್ ಬರಬೇಕು.

ಇಲ್ಲಿ ಎಲ್ಲರೂ ಜಿಪುಣರು. ಮಲಗುವ ಕೋಣೆಯ ಬಾಗಿಲು ಹಾಕಿದರೆ ಒಳಗೆ ಒತ್ತಡ ಕಟ್ಟಿಕೊಂಡು ಹೊಸ ಗಾಳಿ ಬರುವುದೇ ಇಲ್ಲ. ಬಾಗಿಲ ಕೆಳಗೆ ಒಂದಿಂಚು ಸಂದಿಯಾದರೂ ಬಿಡಿ. ಗೋಡೆಯಲ್ಲಿ ಗ್ರಿಲ್ ಇಟ್ಟರೆ ಇನ್ನೂ ಒಳ್ಳೆಯದು. ಮರಳುವ ಡಕ್ಟು ಕಳಿಸುವ ಡಕ್ಟಿಗಿಂತ ದೊಡ್ಡದಿರಲಿ, ಅದರ ಬಾಯಿ ನೆಲದ ಹತ್ತಿರ ಇರಲಿ. ಹಳೆಯ ಬಂಗಲೆಗಳ ಎತ್ತರದ ಸೀಲಿಂಗಿನಲ್ಲಿ ಬಿಸಿಯೆಲ್ಲ ಮೇಲೆ ತೂಗುತ್ತಿರುತ್ತದೆ, ಕಾಲು ಮಾತ್ರ ಮರಗಟ್ಟುತ್ತದೆ. ಕೆಳಗಿನ ತಣ್ಣನೆ ಗಾಳಿಯನ್ನು ಎಳೆದುಕೊಂಡರೆ ಮೇಲಿನ ಬಿಸಿ ಇಳಿಯುತ್ತದೆ.

ಸೌದೆ ಒಲೆಯಿಂದ ಗಾಳಿ ಕಾಯಿಸುವವರಿಗೆ ಒಂದು ಮಾತು, ಇದರಲ್ಲಿ ಜಗಳಕ್ಕೂ ಜಾಗ ಇಲ್ಲ: ಬೆಂಕಿಯ ಹೊಗೆ ಒಂದು ಕೊಳವೆ, ಕೋಣೆಯ ಗಾಳಿ ಇನ್ನೊಂದು. ನಡುವಿನ ತಗಡು ಬಿರಿದರೆ ಕಾರ್ಬನ್ ಮಾನಾಕ್ಸೈಡ್ ವಾಸನೆಯಿಲ್ಲದೆ ಮಲಗುವ ಕೋಣೆಗೆ ಬರುತ್ತದೆ. ಮರಳುವ ಗಾಳಿಯ ಬಾಯಿಯನ್ನು ಒಲೆಯ ಹತ್ತಿರ ಇಡಲೇಬೇಡಿ, ಅದು ಹೊಗೆಯನ್ನು ಕೆಳಕ್ಕೆ ಎಳೆಯುತ್ತದೆ.

7. ಮಂಗಳೂರಿನ ಲೆಕ್ಕ ಘಟ್ಟ ಹತ್ತುವುದಿಲ್ಲ.

ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆ. ಇಲ್ಲಿನ ಗಾಳಿ ಕಡಲತೀರದ ಗಾಳಿಗಿಂತ ನೂರಕ್ಕೆ ಹತ್ತರಷ್ಟು ತೆಳು. ಅಷ್ಟೇ ಸಿಎಫ್‌ಎಂ ಕಳಿಸಿದರೂ ಹೊತ್ತು ತರುವ ಬಿಸಿ ಅಷ್ಟು ಕಡಿಮೆ. ಕೋಣೆಗಿಂತ 20 ಡಿಗ್ರಿ ಹೆಚ್ಚು ಬಿಸಿಯ 400 ಸಿಎಫ್‌ಎಂ ಗಾಳಿ ಕೆಳಗೆ ಸುಮಾರು ನಾಲ್ಕೂವರೆ ಕಿಲೋವ್ಯಾಟ್ ತಂದರೆ ಇಲ್ಲಿ ನಾಲ್ಕು. ಹಂಚಿನ ಸಂದಿ, ಕಿಟಕಿಯ ಸಂದಿ ಮುಚ್ಚದಿದ್ದರೆ ಆ ನಾಲ್ಕೂ ತೋಟದ ಪಾಲು.

8. ಜೂನಿನಿಂದ ಸೆಪ್ಟೆಂಬರ್‌ವರೆಗೆ ಡಕ್ಟನ್ನು ಮರೆಯಬೇಡಿ.

ಚಳಿಗಾಲಕ್ಕೆಂದು ಹಾಕಿದ ಡಕ್ಟು ಮಳೆಗಾಲದಲ್ಲಿ ಸುಮ್ಮನೆ ಕೂರುತ್ತದೆ, ಒಳಗೆ ಬೂಸಲು ಕಟ್ಟುತ್ತದೆ. ಮಳೆ ಬಿಟ್ಟ ಮಧ್ಯಾಹ್ನ ಅರ್ಧ ಗಂಟೆ ಹೀಟರ್ ಸಹಿತ ಫ್ಯಾನ್ ಓಡಿಸಿ. ಕೈ ತೂರುವಷ್ಟು ದೊಡ್ಡ ಬಾಗಿಲೊಂದನ್ನು ಪ್ರತಿ ತಿರುವಿನ ಹತ್ತಿರ ಇಡಿ, ಅಟ್ಟದ ಕಡೆಯ ಬಾಯಿಗೆ ಜಾಲರಿ ಹೊಡೆಯಿರಿ. ಆ ಬಂಗಲೆಯ 24x4ನ್ನು ಎರಡು ವರ್ಷದ ಮೇಲೆ ನನ್ನ ಖರ್ಚಿನಲ್ಲೇ ಇಳಿಸಿದೆ. ಮರದ ಸೀಲಿಂಗನ್ನು ಅವರು ತಮ್ಮ ಖರ್ಚಿನಲ್ಲಿ ಎಂಟು ಇಂಚು ಕೆಳಗೆ ತಂದುಕೊಂಡರು. ಬಿಚ್ಚಿದ ತಗಡಿನೊಳಗೆ ಇಲಿಯ ಗೂಡಿತ್ತು, ನಾನು ಸುತ್ತಿದ ಇನ್ಸುಲೇಶನ್ನಿನ ಹತ್ತಿಯಿಂದಲೇ ಕಟ್ಟಿದ್ದು. ಮುಟ್ಟಿ ನೋಡಿದೆ. ಇಡೀ ಮನೆಯಲ್ಲಿ ಬೆಚ್ಚಗಿದ್ದದ್ದು ಅದೊಂದೇ.