ಆಕ್ಟಿವೇಶನ್ ಗ್ರೂಪ್ ಆರಿಸಲು ಕೆಲವು ಯಶಸ್ಸಿನ ಸೂತ್ರಗಳು

ಐಬಿಎಂ ಐನಲ್ಲಿ (ಹಳಬರ ಬಾಯಲ್ಲಿ ಇಂದಿಗೂ ಎಎಸ್/400) ಆರ್‌ಪಿಜಿ ಪ್ರೋಗ್ರಾಂ ಕಂಪೈಲ್ ಮಾಡುವಾಗ ಅದು ಯಾವ ಆಕ್ಟಿವೇಶನ್ ಗ್ರೂಪ್‌ನಲ್ಲಿ ಓಡಬೇಕೆಂದು ನೀವೇ ನಿರ್ಧರಿಸಿ. ತೆರೆದ ಫೈಲು, ಓವರ್‌ರೈಡ್, ಕಮಿಟ್, ಸ್ಟ್ಯಾಟಿಕ್ ಮೆಮೊರಿ ಇವೆಲ್ಲಕ್ಕೂ ಸಾಮಾನ್ಯವಾಗಿ ಅದೇ ಗಡಿ.

1. ಮೊದಲು ಓಡುವ ಪ್ರೋಗ್ರಾಂಗೆ ಹೆಸರಿಟ್ಟ ಗ್ರೂಪ್ ಕೊಡಿ. ಆರ್ಡರ್ ವಿಭಾಗಕ್ಕೊಂದು, ಪೇರೋಲ್‌ಗೊಂದು. ಕ್ಯೂಐಎಲ್‌ಇ ಎಂಬ ಸಿದ್ಧ ಹೆಸರು ಬೇಡ. ಹೊರಗಿನಿಂದ ಕೊಂಡ ಪ್ಯಾಕೇಜೂ ಅದೇ ಜಾಬ್‌ನಲ್ಲಿ ಅದನ್ನೇ ಬಳಸುತ್ತಿದ್ದರೆ, ಅದರ ಕ್ಲೀನಪ್ ನಿಮ್ಮ ಫೈಲುಗಳನ್ನೂ ಮುಚ್ಚೀತು.

2. ಆ ಮೊದಲ ಪ್ರೋಗ್ರಾಂ ಕರೆಯುವ ಪ್ರೋಗ್ರಾಂ, ಸರ್ವಿಸ್ ಪ್ರೋಗ್ರಾಂಗಳಿಗೆ ಸ್ಟಾರ್ ಕಾಲರ್ ಕೊಡಿ, ಅಂದರೆ ಕರೆದವರ ಗ್ರೂಪ್‌ನಲ್ಲೇ ಓಡಲಿ.

3. ಸ್ಟಾರ್ ನ್ಯೂ ಬಳಸುವ ಮುನ್ನ ಎರಡು ಸಲ ಯೋಚಿಸಿ. ಪ್ರತಿ ಕರೆಗೂ ಹೊಸ ಗ್ರೂಪ್ ಹುಟ್ಟಿ, ಹಿಂತಿರುಗುವಾಗ ಅಳಿಯುತ್ತದೆ. ಮೆನುವಿನಿಂದ ಒಮ್ಮೆ ಕರೆದರೆ ಚಿಂತೆಯಿಲ್ಲ, ಲೂಪಿನೊಳಗೆ ಕರೆದರೆ ಜಾಬ್ ಕುಂಟುತ್ತದೆ. ನಿಜವಾದ ಅಪಾಯ ಕಮಿಟ್‌ನದು. ಆರ್ಡರ್ ಪ್ರೋಗ್ರಾಂ ದಾಸ್ತಾನು ಇಳಿಸುವ ಎಸ್‌ಕ್ಯೂಎಲ್ ಪ್ರೋಗ್ರಾಂ ಒಂದನ್ನು ಕರೆಯಿತು ಎನ್ನಿ. ಎರಡನೆಯದು ಸ್ಟಾರ್ ನ್ಯೂ, ಕಮಿಟ್ ವ್ಯಾಪ್ತಿ ಗ್ರೂಪ್‌ನಷ್ಟೇ. ಅದು ಸರಿಯಾಗಿ ಮುಗಿದೊಡನೆ ಗ್ರೂಪ್ ಅಳಿದು, ದಾಸ್ತಾನಿನ ಬದಲಾವಣೆ ತಾನಾಗಿ ಕಮಿಟ್ ಆಗುತ್ತದೆ. ಆಮೇಲೆ ಆರ್ಡರ್ ರೋಲ್‌ಬ್ಯಾಕ್ ಮಾಡಿದರೆ ಆರ್ಡರ್ ಹೋಯಿತು, ಸರಕೂ ಲೆಕ್ಕದಿಂದ ಹೋಯಿತು. ಎರಡೂ ಒಂದೇ ಗ್ರೂಪ್‌ನಲ್ಲಿದ್ದಿದ್ದರೆ ಎರಡೂ ಒಟ್ಟಿಗೇ ಹಿಂದೆ ಸರಿಯುತ್ತಿದ್ದವು.

4. ಆಯ್ಕೆಯನ್ನು ಸೋರ್ಸಿನ ಕಂಟ್ರೋಲ್ ಸಾಲಿನಲ್ಲೇ ಬರೆಯಿರಿ. ಆರ್‌ಪಿಜಿಯ ಒಂದೇ ಹಂತದ ಕಂಪೈಲ್ ಕಮಾಂಡ್ ತಾನಾಗಿ ಡಿಫಾಲ್ಟ್ ಗ್ರೂಪ್ ಹಿಡಿಯುತ್ತದೆ. ಸೋರ್ಸಿನಲ್ಲಿ ಬರೆದದ್ದು ಕಮಾಂಡಿಗಿಂತ ಮೇಲು. ನಾಳೆ ಆ ಕಮಾಂಡಿನಿಂದ ಯಾರೇ ಕಂಪೈಲ್ ಮಾಡಲಿ, ಗ್ರೂಪ್ ಬದಲಾಗದು.

5. ಹಳೆಯ ಸಿಎಲ್ ಡಿಫಾಲ್ಟ್ ಗ್ರೂಪ್‌ನಲ್ಲೇ ಓಡುತ್ತದೆ. ಅದು ಸ್ಟಾರ್ ಕಾಲರ್ ಪ್ರೋಗ್ರಾಂ ಕರೆದರೆ ಆ ಪ್ರೋಗ್ರಾಂ ಕೂಡ ಅಲ್ಲೇ ಓಡಿ, ಜಾಬ್ ಮುಗಿಯುವವರೆಗೂ ಪೂರ್ತಿ ತೊಲಗುವುದಿಲ್ಲ. ಆ ಸಿಎಲ್ ಅನ್ನು ಐಎಲ್‌ಇಗೆ ತನ್ನಿ, ಹೆಸರಿಟ್ಟ ಗ್ರೂಪ್ ಕೊಡಿ.

6. ಓವರ್‌ರೈಡ್ ಕೆಲಸ ಮಾಡುತ್ತಿಲ್ಲವೇ? ಹೆಸರಿಟ್ಟ ಒಂದು ಗ್ರೂಪ್‌ನಲ್ಲಿ ವ್ಯಾಪ್ತಿ ಹೇಳದೆ ಕೊಟ್ಟ ಓವರ್‌ರೈಡ್ ಇನ್ನೊಂದು ಗ್ರೂಪ್‌ಗೆ ಕಾಣುವುದಿಲ್ಲ.

7. ಎಲ್‌ಆರ್ ಹಾಕಿ ಮರಳಿದರೂ ಹೆಸರಿಟ್ಟ ಗ್ರೂಪ್ ಉಳಿದೇ ಇರುತ್ತದೆ. ಕೆಲಸ ಮುಗಿದ ಮೇಲೆ ರಿಕ್ಲೇಮ್ ಆಕ್ಟಿವೇಶನ್ ಗ್ರೂಪ್ ಕಮಾಂಡ್ ಕೊಡಿ, ಆ ಗ್ರೂಪ್‌ನ ಹೊರಗಿರುವ ಪ್ರೋಗ್ರಾಂನಿಂದಲೇ. ಕಾಲ್ ಸ್ಟ್ಯಾಕ್‌ನಲ್ಲಿ ಇನ್ನೂ ಓಡುತ್ತಿರುವ ಗ್ರೂಪ್ ಅಳಿಯದು. ಯಾವುದು ಉಳಿದಿದೆ ಎಂದು ಡಿಸ್ಪ್ಲೇ ಜಾಬ್‌ನ ಆಕ್ಟಿವೇಶನ್ ಗ್ರೂಪ್ ಪಟ್ಟಿಯಲ್ಲಿ ನೋಡಿ.